ಖಾಲಿ ಡಬ್ಬಿ

ರಾಚವ್ವನ ಬಲಗೈ ಪ್ಲಾಸ್ಟರಿನ್ಯಾಗ ಕೂತು ಇವತ್ತಿಗೆ ಹನ್ನೊಂದು ದಿನ.
ಸೊಲ್ಲಾಪುರದ ಈ ಚಾಳಿನ್ಯಾಗ ಸುದ್ದಿ
ನಳದ ನೀರಿಗಿಂತ ಮೊದಲ ಬರ್ತದ.
ನಿನ್ನೆ ಮಂಗಳವಾರ, ಬಜಾರಿನ್ಯಾಗ ಕುಂಬಳಕಾಯಿ ಬಲು ಸೋವಿ.
ಸಂಜಿಗೆ ಮೂರು ಮನಿಯಿಂದ ಮೂರು ಡಬ್ಬಿ ಬಂದವು.
ಮುಚ್ಚಳ ತೆಗೆದರ
ಮೂರರಾಗೂ ಕುಂಬಳಕಾಯಿ ಪಲ್ಯಾ.

ಉಣ್ಣಾಕ ನಾವಿಬ್ಬರ.
ಎಷ್ಟಂತ ಉಣ್ಣೋದು?

ಉಳಿದದ್ದು ಮೂರು ತಾಟಿಗೆ ಸುರುವಿ
ಮುಂಜಾನೆ ಡಬ್ಬಿ ತಿಕ್ಕಿ ಬಾಗಿಲ ಕಡೆ ಹೊಂಟೆ.
ಹಾಸಿಗಿ ಮ್ಯಾಲಿಂದ ಬಂತು ದನಿ:
"ಖಾಲಿ ಡಬ್ಬಿ ತಿರುಗಿ ಕೊಡ್ತಾರೇನ್ರಿ ಯಾರರ?"
ನಲವತ್ತು ವರ್ಷ ಚಾದರದ ಮಗ್ಗ ನಡಸಿದಾಂವ ನಾನು,
ಎಳಿ ಹರಿದರ ಕಣ್ಣು ಮುಚ್ಚಿ ಗಂಟು ಹಾಕ್ತೀನಿ,
ಒಲಿ ಮುಂದ ಮಾತ್ರ ನಿನ್ನೆ ಸೇರಿದ ಹುಡುಗ.
ಹಾಕೂದರ ಏನು?
"ಉಳಿದದ್ದ ಹಾಕ್ರಿ. ಗಾರಿಗಿ ಮಾಡಿ ಹಾಕ್ರಿ."

ಮೊದಲ ಮೂಸಿ ನೋಡ್ರಿ, ಅಂದಳು.
ಮೂಸಿದೆ.
ಜಾಧವರ ಮನೀದು ಬಳ್ಳೊಳ್ಳಿ ಖಾರದ್ದು,
ಅದಕ್ಕ ಬೆಲ್ಲದ ನೆರಳೂ ಬ್ಯಾಡ, ರೊಟ್ಟಿಗೆ ಇರಲಿ.
ಪೋಶವ್ವಂದು ತೆಲುಗರ ಕೈ, ಬೆಲ್ಲ ಕಂಡದ್ದು,
"ಅದು ಅರ್ಧ ದಾರಿ ತಾನ ಬಂದದ, ತಗೋರಿ."
ಬಿರಾಜದಾರ ಮಾಸ್ತರ ಮನೀದು ಬರೇ ಸಾಸಿವಿ, ಕರಿಬೇವು,
ಒಂದು ಒಣಮೆಣಸಿನಕಾಯಿ.
"ತೊಳೀರಿ."
ಬೇಯಿಸಿದ್ದನ್ನ ತೊಳೀತಾರೇನ?
"ಕೂಸಿನ ಮಕ ತೊಳದಂಗ ತೊಳೀರಿ,
ಅರಿವಿ ಒಗದಂಗ ಅಲ್ಲ."

ಕನ್ನಡಕ ಏರಿಸಿ ಸಾಸಿವಿ ಆರಿಸಿದೆ,
ನೇದ ಚಾದರದಾಗ ತಪ್ಪೆಳಿ ಹುಡುಕಿದಂಗ, ಒಂದೊಂದ.
ಕರಿಬೇವು ಸುಮ್ನ ಬಂತು.
ಮೆಣಸಿನಕಾಯಿ ಬರೂವಾಗ ಬೀಜ ಬಿಟ್ಟು ಬಂತು.
ಬಿಳಿ ಪಂಚೆದಾಗ ಕಟ್ಟಿ ಹಿಂಡಿದೆ.
"ಇನ್ನೊಮ್ಮೆ."
ಹಿಂಡಿದೆ.
"ಇನ್ನೊಮ್ಮೆ."
ಪಂಚೆ ಅರಿಷಿಣಕ್ಕ ತಿರುಗಿತು. ಹೋಗಲಿ.

ಬೆಲ್ಲ ಕುಟ್ಟಿ ಹಾಕಿ ಕಿವುಚಿದರ
ಎಲ್ಲಾ ಮತ್ತ ನೀರ ನೀರು.
"ಇಷ್ಟು ಹಿಂಡಿದ್ದು ದಂಡ ಆತಲ್ಲ ಮಾರಾಯ್ತಿ!"
ನಕ್ಕಳು.
ಹನ್ನೊಂದು ದಿನದಾಗ ಮೊದಲ ಸಲ,
ನಗು ಭುಜಕ್ಕಿಳಿದು ಕೈ ಅಲುಗಿ
"ಅಯ್ಯಯ್ಯ ಯವ್ವಾ" ಅಂತ ಅರ್ಧಕ್ಕ ನಿಂತಳು.
ನಾನು ಹಿಟ್ಟಿನ ಡಬ್ಬಿ ಹುಡುಕಿದಂಗ ಮಾಡಿದೆ.

ಹಿಟ್ಟು ಎಷ್ಟು?
"ಅದು ಹಿಡಿಯೋವಷ್ಟು."
ಎಣ್ಣಿ?
"ಮುಳುಗೋವಷ್ಟು."
ಇಂಥಾ ಲೆಕ್ಕದ ಮ್ಯಾಲ
ಇಷ್ಟು ವರ್ಷ ಉಂಡೀನಿ ನಾನು.

ಮೊದಲಂದು ಕರಕಲಾತು.
ಎರಡನೇದು ಎಣ್ಯಾಗ ಬಿಚ್ಚಿ ಹೋತು.
ಮೂರನೇದಕ್ಕ ಅಂಗೈ ಮ್ಯಾಲ ಗಸಗಸಿ ಹಚ್ಚಿ ತಟ್ಟಿ ಬಿಟ್ಟೆ.
ತಳಕ್ಕ ಹೋತು, ಯೋಚನಿ ಮಾಡ್ತು,
ಮ್ಯಾಲ ಬಂದು ಗಲ್ಲ ಉಬ್ಬಿಸಿತು.
"ರಾಚೀ, ಉಬ್ಬಿತು!" ಅಂತ ಒದರಿದೆ.
ಓಣಿ ಮಂದಿ ಏನು ತಿಳಕೊಂಡರೋ.

ಡಬ್ಬಿಗೆ ಐದೈದು.
ಜಾಧವರಿಗೂ? ಅವರ ಕುಂಬಳಕಾಯಿ ಇದರಾಗ ಇಲ್ಲ.
"ಎಣಸಿ ಕೊಡಾಕ ಇದೇನು ಪಗಾರೇನ್ರಿ?"
ಅವರ ಮೊಮ್ಮಗಳು "ಘಾರ್ಗೆ!" ಅಂತ ಕುಣೀತು.
ಗಾರಿಗಿ, ಅಂದೆ.
ಅದು ಅಷ್ಟರಾಗ ಎರಡು ತಿಂದಿತ್ತು.

ತಿರುಗಿ ಬಂದಾಗ ರಾಚವ್ವ
ಎಡಗೈಲೆ ಮುರಿದು ತಿನ್ನಾಕ ಹತ್ತಿದ್ದಳು, ಕರಕಲಾದದ್ದು.
ಛಲೋದು ಇಟ್ಟೀನಲ್ಲ, ಅಂದೆ. ಕೇಳಲಿಲ್ಲ.
ಕಟ್ ಅಂತು ಹಲ್ಲಿನ್ಯಾಗ ಏನೋ.
ಅಗಿಯೋದು ನಿಲ್ಲಿಸಿ, ನಾಲಿಗಿ ತುದಿಯಿಂದ
ಒಂದು ಸಾಸಿವಿ ತಗದು
ತಾಟಿನ ಅಂಚಿಗೆ ಇಟ್ಟಳು.
ಬಿಸಿಲಿಗೆ ಹಿಡಿದು ನೋಡಿದಳು, ಕಳ್ಳ ಸಿಕ್ಕಂಗ.

"ಇದು ಯಾರ ಮನೀದು?"