ಎರಡಾಣೆ ಬಾಕಿ

ಮಾಲೂರು ತಾಲ್ಲೂಕು ಕಚೇರಿಯ ರೆಕಾರ್ಡು ಕೋಣೆಗೆ
ಕಿಟಕಿ ಒಂದೇ, ಅದಕ್ಕೂ ಬೀರು ಅಡ್ಡ.
ಹೆಂಚು ನಮ್ಮೂರಿನದೇ, ಆದರೂ ಸೋರುತ್ತದೆ.
ಕೆಂಪು ಬಟ್ಟೆಯ ಗಂಟು, ಗಂಟಿನ ಮೇಲೆ ಗಂಟು,
ಚೀಟಿಯನ್ನು ಹುಳು ತಿಂದು ಹೆಸರಿಲ್ಲದ ಹೋಬಳಿಗಳು.
ಹನ್ನೊಂದು ವರ್ಷದಿಂದ ಬೀಗದ ಕೈ ನನ್ನ ಸೊಂಟದಲ್ಲಿ.
ಕೇಳಿದ ಪಹಣಿ ಹುಡುಕಿಕೊಡುವುದು ಕೆಲಸ,
ಕೇಳದ್ದನ್ನು ತೆರೆಯುವುದು ಅಧಿಕಪ್ರಸಂಗ.

ಚಿಹಾರು ಬಂದದ್ದು ಆಷಾಢದ ಒಂದು ಮಂಗಳವಾರ.
ಗಂಡನಿಗೆ ನರಸಾಪುರದ ಕಾರ್ಖಾನೆಯಲ್ಲಿ ಕೆಲಸ;
ಈಕೆ ತನ್ನೂರಲ್ಲಿದ್ದಾಗ ನನ್ನಂಥವಳೇ,
ಹಳೇ ಕಾಗದದ ಕಾವಲುಗಾರ್ತಿ.
ಕೈಯಲ್ಲಿ ಕುಂಚ, ಬಾಯಲ್ಲಿ ನಾಲ್ಕು ಕನ್ನಡ,
ಮಿಕ್ಕದ್ದು ಫೋನು ಹೇಳುತ್ತಿತ್ತು.
ಗಂಟು ಬಿಚ್ಚಲು ಹೋದ ನನ್ನ ಕೈ ಹಿಡಿದಳು:
“ಮೊದಲು ಬರಿ, ಯಾವುದರ ಮೇಲೆ ಯಾವುದಿತ್ತು.
ಧೂಳೂ ಒಂದು ಸಾಲು.”

ಅವರ ಹಳ್ಳಿಯ ಶಾನುಭೋಗರೂ ನಮ್ಮವರ ಹಾಗೇ,
ಹುದ್ದೆ ಹೋದರೂ ಲೆಕ್ಕ ಬಿಟ್ಟುಕೊಡಲಿಲ್ಲ.
ಸುಣ್ಣದ ಗೋಡೆಯ ಉಗ್ರಾಣದಲ್ಲಿ, ಅಕ್ಕಿ ಮೂಟೆಯ ಪಕ್ಕ
ಮುನ್ನೂರು ವರ್ಷದ ಕಂದಾಯ ಮಲಗಿತ್ತಂತೆ.
ಮಿಕ್ಕಿದ್ದು ರದ್ದಿ. ರದ್ದಿಯನ್ನು ಬಾಗಿಲಿಗೆ ಅಂಟಿಸುತ್ತಿದ್ದರು,
ಜಾರುಬಾಗಿಲ ಚೌಕಟ್ಟಿಗೆ ಪದರ ಪದರ;
ಮೇಲೆ ಕೊಕ್ಕರೆಯ ಚಿತ್ರ,
ಅಡಿಯಲ್ಲಿ ಯಾರದೋ ಸಾಲ.
ಮನೆ ಕೆಡವುವಾಗ ಇವಳಂಥವರು ಓಡಿಹೋಗಿ
ಬಾಗಿಲು ಹೊತ್ತು ತಂದು, ನೀರು ಚಿಮುಕಿಸಿ
ಒಂದೊಂದೇ ಬಿಡಿಸಿ ಓದುತ್ತಾರಂತೆ.

ಕೇಳುತ್ತ ನಾನು ಜೋರಾಗಿ ನಿಟ್ಟುಸಿರಿಟ್ಟೆನೇನೋ.
“ನಮ್ಮಲ್ಲಿ ಎಲ್ಲ ಸರಿ ಅಂದುಕೋಬೇಡ,” ಅಂದಳು.
ಯುದ್ಧ ಸೋತ ವಾರ ಕಚೇರಿ ಅಂಗಳದಲ್ಲಿ
ಮೂರು ದಿನ ಹೊಗೆ. ಅವಳ ತಾತನ ಕೈಯಲ್ಲೂ ಕಡ್ಡಿಪೆಟ್ಟಿಗೆ.
ಸುಟ್ಟವರೂ ಗುಮಾಸ್ತರೇ,
ಬಚ್ಚಿಟ್ಟವರೂ ಗುಮಾಸ್ತರೇ.
ಕಾಪಾಡಬೇಕು ಎಂಬ ಕಾನೂನು ಬರಲು
ಆಮೇಲೆ ನಲವತ್ತು ಚಿಲ್ಲರೆ ವರ್ಷ.

ಆ ರಾತ್ರಿ ನಿದ್ದೆ ಬರಲಿಲ್ಲ. ತಲೆಯೊಳಗೆ
ಅಜ್ಜಿಯ ಮೊರ ಕೇರುತ್ತಲೇ ಇತ್ತು.
ಪಿಳ್ಳಕ್ಕಜ್ಜಿ ಅದನ್ನು ಚೇಟ ಅಂತಾಳೆ.
ತೋಟಿ ಕೆಲಸದ ಮನೆ ನಮ್ಮದು. ಶಾನುಭೋಗಿಕೆ ರದ್ದಾದ ವರ್ಷ
ಅವರ ಹಿತ್ತಲಿಗೆ ಎಸೆದ ಕಾಗದವನ್ನು ಮಡಿಲಲ್ಲಿ ತಂದು
ಮೆಂತ್ಯ ರುಬ್ಬಿ, ಬಿದಿರಿನ ಸಂದಿಗೆ ಮೆತ್ತಿದ್ದಳು.
ಅಕ್ಷರ ಬಾರದವಳಿಗೆ ಅಕ್ಷರವೂ ಒಳ್ಳೆ ಗಾರೆ.

ಮೊರ ಕಂಡ ಚಿಹಾರು ಮೊದಲು ಮೂಸಿದಳು.
“ಮೆಂತ್ಯ,” ಅಂದೆ. ನಕ್ಕಳು: ಅವರ ಗೋಧಿಯ ಅಂಟು
ಗಡಿಗೆಯಲ್ಲಿ ಹತ್ತು ವರ್ಷ ಕೊಳೆತು ಹಣ್ಣಾಗಬೇಕು.
ಆಮೇಲೆ ಮಾತಿಲ್ಲ. ಒದ್ದೆ ಕುಂಚ. ಮೂಳೆಯ ಅಲಗು.
ಫ್ಯಾನು ನಿಲ್ಲಿಸಿದೆ, ಉಸಿರೂ ನಿಲ್ಲಿಸಿದೆ.
ಅಂಗೈಯಗಲದ ತುಂಡೊಂದು ಎದ್ದು ಬಂತು.
ಮೋಡಿ ಅಕ್ಷರ; ಇನ್ನು ನಾನೇ ಓದಬೇಕು:

“…ತೋಟಿ ಗುಟ್ಟನ ಹೆಂಡತಿ ಎರ್ರಕ್ಕ
ಕುಂಟೆ ಹೂಳು ಹೊತ್ತ ಬಾಬತ್ತು
ಎರಡಾಣೆ ಬಾಕಿ.”

ಎರ್ರಕ್ಕ, ಅಜ್ಜಿಯ ಅತ್ತೆ.
ಪಟವಿಲ್ಲ, ಗೋರಿಯಿಲ್ಲ, ಯಾವ ಪಟ್ಟಿಯಲ್ಲೂ ಇಲ್ಲ.
ಸರ್ಕಾರದ ಪುಸ್ತಕದಲ್ಲಿ ಬಾಕಿಯಾಗಿ ಮಾತ್ರ ಇದ್ದಳು,
ಅವಳ ಮೇಲೆ ಅರವತ್ತು ವರ್ಷ ರಾಗಿ ಕೇರಿದೆವು.

ಇನ್ನೊಂದು ಪದರ? ಕೈ ತುರಿಸುತ್ತಿತ್ತು.
ಅಡಿಯಲ್ಲಿ ಇನಾಂ ಹೊಲದ ಚಕ್ಕುಬಂದಿ ಇರಬಹುದು,
ಇಲ್ಲದೆಯೂ ಇರಬಹುದು.
ಚಿಹಾರು ಕುಂಚ ತೊಳೆದಿಟ್ಟಳು. “ಬಿಚ್ಚಿದ್ದು ಮತ್ತೆ ಮೊರ ಆಗಲ್ಲ.
ಅಜ್ಜಿ ಅಂಟಿಸಿದ್ದೂ ದಾಖಲೆ. ಅಜ್ಜಿಯನ್ನು ಕೇಳು.”

ಕೇಳಿದೆ. ಎರಡಾಣೆ ಎಂದಾಗ ತುಟಿ ಒತ್ತಿ
ಬಹಳ ಹೊತ್ತು ಒಲೆ ನೋಡಿದಳು.
“ಬಡ್ಡಿ ಎಷ್ಟಾಯ್ತು?” ಅಂದಳು.
ಆಮೇಲೆ, “ಚೇಟ ತಾ ಇಲ್ಲಿ. ರಾಗಿ ಬಿಸಿಲಲ್ಲಿದೆ.”

ಸೋಮವಾರ ಹೊಸ ವಹಿ ತೆರೆದೆ.
ಕ್ರಮಸಂಖ್ಯೆ ಒಂದು. ಮೊರ. ಬಿದಿರು, ಕಾಗದ, ಮೆಂತ್ಯ.
ಓದಿದ ಪದರ ಒಂದು, ಓದದ್ದು ಐದೋ ಆರೋ.
ಇರುವ ಜಾಗ: ಪಿಳ್ಳಕ್ಕನ ಅಡುಗೆಮನೆ. ಬಳಕೆಯಲ್ಲಿದೆ.
ಷರಾ ಎಂಬಲ್ಲಿ ಏನೂ ಬರೆಯಲಾಗದೆ
ಪೆನ್ನು ಹಿಡಿದು ಕೂತೆ.
ಹೊರಗೆ ಪಹಣಿಯ ಸಾಲು ಕೂಗುತ್ತಿತ್ತು.