ಕಿವಿಗುರುತು

ದೊಡ್ಡ ಮೋಡ, ಚಿಕ್ಕ ಮೋಡ:
ತೆಂಕಣ ಬಾನಿನಲ್ಲಿ ಒಂದನ್ನೊಂದು ಎಳೆದಾಡಿಕೊಂಡ
ಎರಡು ಕುಳ್ಳ ಗೆಲಾಕ್ಸಿ.
ನನಗೆ ಸಂಬಳ ಅವುಗಳ ಎದೆಯ ಬೆಳಕಿಗಲ್ಲ,
ಅಂಚಿನಾಚೆ ಚೆದುರಿದ ಮಸುಕಿಗೆ.

ನಿನ್ನೆಯ ಚಿತ್ರದಲ್ಲಿ ಹನ್ನೊಂದು ಸಾವಿರ ಚುಕ್ಕೆ.
ನಡುವೆ ಅಡ್ಡ ಬಂದ ನಮ್ಮವೇ ತಾರೆಗಳನ್ನು ತೆಗೆ,
ಬೆನ್ನ ಹಿಂದಿನ ದೂರದ ಗೆಲಾಕ್ಸಿಗಳನ್ನು ತೆಗೆ
(ತಾರೆಯ ವೇಷ ಹಾಕಿ ಬರುತ್ತವೆ, ಕಳ್ಳವು).
ಅಕ್ಕಿಯಲ್ಲಿ ಕಲ್ಲು ಆರಿಸಿದಂತಲ್ಲ,
ಕಲ್ಲಿನಲ್ಲಿ ಅಕ್ಕಿ ಆರಿಸಿದಂತೆ.
ಉಳಿದದ್ದು ನಲವತ್ತಮೂರು.

ಎಲ್ಲ ಮುದುಕಿಯರು. ಸಾವಿರದ ಇನ್ನೂರು ಕೋಟಿ ವರ್ಷ.
ಮೈಯಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು;
ಅವರು ಹುಟ್ಟಿದ ಕಾಲಕ್ಕೆ ಕಬ್ಬಿಣವೇ ಅಪರೂಪ.
ಅರ್ಧ ದಿನಕ್ಕೊಮ್ಮೆ ಉಬ್ಬಿ, ಕುಗ್ಗಿ,
ಇದ್ದೇನೆ ಅನ್ನುತ್ತಾರೆ.

ಈ ರಾತ್ರಿ ಅಪ್ಪ ಬಂದಿದ್ದಾನೆ ಕಂಟ್ರೋಲ್ ರೂಮಿಗೆ,
ನೊಲ್ಬೆರ್ತೊ ಚೆಪಿಯೊ, ಹುರ್ತಾದೊ ಕಣಿವೆಯ ಮೇಕೆ ಕಾಯುವವ,
ಟೋಪಿ ತೊಡೆಯ ಮೇಲೆ, ಬೂಟಿನಲ್ಲಿ ಹಿಕ್ಕೆ.
ಹದಿನೇಳು ವರ್ಷ ಕೆಳಗಿನಿಂದಲೇ ನೋಡಿದ್ದ ಈ ಬಿಳಿ ಗುಮ್ಮಟವನ್ನು.
ಯಾರೂ ಕರೆದಿರಲಿಲ್ಲ.
ನಾನೂ.

"ಯಾರ ಮಂದೆಯವು ಇವು?" ಅಂದ.
ಅದೇ ಅಪ್ಪಾ, ಅದಕ್ಕೇ ನಿದ್ದೆ ಹೋಗಿರುವುದು.
ಎಂದೋ ಒಮ್ಮೆ ಎರಡೂ ಮೋಡ ಡಿಕ್ಕಿ ಹೊಡೆದವು;
ಯಾವುದು ಯಾವುದರಿಂದ ಕಿತ್ತು ಬಂತೋ.

ಸುಮ್ಮನೆ ತನ್ನ ಕಿವಿ ಮುಟ್ಟಿಕೊಂಡ.

ಆ ವರ್ಷ ಹಿಮಗಾಳಿಗೆ, ಮೇಲಿನ ಹುಲ್ಲುಗಾವಲಿನಲ್ಲಿ
ನಮ್ಮ ಹಿಂಡು, ತಬಿಲೊ ಮನೆಯವರ ಹಿಂಡು ಬೆರೆತುಹೋಗಿದ್ದವು.
ಕಿವಿಯ ಕಚ್ಚು ನೋಡಿ ಬೇರೆ ಮಾಡಿದರು:
ನಮ್ಮದು ಎಡಗಿವಿಗೆ ಎರಡು ಸೀಳು, ಅವರದು ಬಲಗಿವಿಗೆ ತುದಿಯಿಲ್ಲ.
ಕೊನೆಗೊಂದು ಉಳಿಯಿತು.
ಎರಡೂ ಕಿವಿ ಪೂಮಾ ಹರಿದಿತ್ತು.
"ಮುಸ್ಸಂಜೆ ಬಿಟ್ಟು ನೋಡಿ," ಅಂದಳು ಓರ್ಫೆಲಿನಾ ತಬಿಲೊ,
"ಯಾರ ದೊಡ್ಡಿಗೆ ಹೋಗುತ್ತದೋ ಅವರದು."
ಬಿಟ್ಟರು. ಹೋಗಲಿಲ್ಲ.
ಎರಡು ದೊಡ್ಡಿಯ ನಡುವೆ ಮುಳ್ಳುಗಿಡ ಮೇಯುತ್ತ ನಿಂತಿತು
ನಾವು ಚಳಿಗೆ ಹಲ್ಲು ಕಡಿಯುವವರೆಗೂ.

ಇವನ್ನು ಬಿಟ್ಟು ನೋಡುತ್ತ ಹತ್ತು ವರ್ಷವಾಯಿತು.
ಹತ್ತು ವರ್ಷಕ್ಕೆ ನಡೆದದ್ದು
ಆಚೆ ಬೆಟ್ಟದಲ್ಲಿ ಹಿಡಿದ ಕೂದಲೆಳೆಯ ದಪ್ಪದಷ್ಟು.
ಮೂವತ್ತೊಂದು ದೊಡ್ಡದರವು.
ಹನ್ನೊಂದು ಚಿಕ್ಕದರವು.
ಇನ್ನೊಂದು...

"ಅದರ ಹಾಲು ಯಾರು ಕರೆದಿರಿ ಆಮೇಲೆ?" ಕೇಳಿದೆ.
"ಸರದಿಯ ಮೇಲೆ."
ಥರ್ಮಾಸಿನ ಮುಚ್ಚಳಕ್ಕೆ ಚಹಾ ಸುರಿದುಕೊಂಡ,
ಕುಡಿಯುವುದು ಮರೆತ.
ಕನ್ನಡಕ ಒರೆಸಿ, ಪರದೆಗೆ ಮೂಗು ತಾಗುವಷ್ಟು ಬಾಗಿ
"ಎಲ್ಲಿ, ತೋರಿಸು," ಅಂದ,
"ಆ ನಿಂತದ್ದನ್ನು."