ಹದಿನಾಲ್ಕು ನಂಬರಿನ ಬೂಟು

ಪ್ರತಿ ಜುಲೈಯಲ್ಲೂ ಪೆಂಢಾರ್ಕರ್ ಸರ್
ಸಾಮಾನಿನ ಕೋಣೆಯ ಬಾಗಿಲಿಗೆ ಒರಗಿ ಕೇಳುತ್ತಾರೆ:
“ಏನು ಶೀನಾ, ಈ ಸಲದವರು ಹೇಗೆ?”
ಚೆಂಡಿಗೆ ಗಾಳಿ ತುಂಬುವವನನ್ನು ಕೇಳುವ ಪ್ರಶ್ನೆಯೇ ಇದು?
ಇಪ್ಪತ್ತಾರು ವರ್ಷ ಪಂಪು ಒತ್ತಿದವನಿಗೆ
ಯಾವುದು ಸೋರುತ್ತದೆಂದು ಸದ್ದಿನಲ್ಲೇ ತಿಳಿಯುತ್ತದೆ ಅಂತ
ಅವರ ನಂಬಿಕೆ.
ನನಗೆ ತಿಳಿಯುವುದು ಚೆಂಡಿನದು ಮಾತ್ರ.

ಈ ಸಲ ಐದು ಜನ.
ಬೋರ್ಡಿನ ಮೇಲೆ ಹೆಸರು, ಎತ್ತರ, ಊರು,
ಕೊನೆಯ ಸಾಲಿಗೆ ಮರಾಠಿಯಲ್ಲಿ ತಲೆಬರಹ: ಅಪೇಕ್ಷಾ.
ನಮ್ಮಲ್ಲಿ ಅದಕ್ಕೆ ಆಸೆ ಎಂದೂ ಅರ್ಥ.
ಸರ್‌ಗೆ ಹೇಳಲು ಹೋಗಲಿಲ್ಲ.
ವಸಾಯಿಯ ಶೆಲ್ಡನ್ನನಿಗೆ: ಪಂದ್ಯಕ್ಕೆ ಹತ್ತು ಪಾಯಿಂಟು.
ವರ್ಲಿ ಕೋಳಿವಾಡದ ಓಜಸ್ ತಾಂಡೇಲನಿಗೆ: ಓಟ.
ನಾಗಪಾಡಾದ ಮುದಸ್ಸಿರ್ ಕೋರ್ಟಿನ ಗೆರೆಯ ಮೇಲೇ ಹುಟ್ಟಿರಬೇಕು,
ಚೆಂಡು ಕೊಡೋ ಎಂದರೆ ಬೆನ್ನ ಹಿಂದಿನಿಂದ ಕೊಡುತ್ತಾನೆ;
ಅವನಿಗೆ: ಬಾಯಿ ಮುಚ್ಚಲಿ.
ಐಜಾಲಿನ ಹುಡುಗನ ಹೆಸರು ತಪ್ಪು ಬರೆದು, ಅಳಿಸಿ,
ಮತ್ತೆ ತಪ್ಪು ಬರೆದು, ಮುಂದಿನ ಜಾಗ ಖಾಲಿ.
ಲುಧಿಯಾನದ ಹರ್ನೂರನ ಮುಂದೆ ಎರಡು ಗೆರೆ ಎಳೆದು
ಒಂದೇ ಪದ: ಕಪ್.

ಆರಡಿ ಏಳಂಗುಲ.
ಹಾಸ್ಟೆಲ್ ಮಂಚದಿಂದ ಪಾದ ಎರಡೂ ಹೊರಗೆ,
ಲೋಕಲ್ಲಿನಲ್ಲಿ ಫ್ಯಾನಿನ ಜೊತೆ ಮಾತಾಡುವವನಂತೆ ನಿಲ್ಲುತ್ತಾನೆ.
ಗಡ್ಡ ಇನ್ನೂ ಅಲ್ಲಲ್ಲಿ.
ರಾತ್ರಿ ತಾಯಿಗೆ ಫೋನು ಮಾಡುವಾಗ
ಮೆಟ್ಟಿಲ ಕೆಳಗೆ ಮಡಚಿಕೊಂಡು ಕೂರುತ್ತಾನೆ,
ಛತ್ರಿ ಮಡಚಿದ ಹಾಗೆ.

ನಾನು ಕಂಡದ್ದನ್ನು ಹೇಳುತ್ತೇನೆ.
ಹೊಸಬರು ಮೊದಲ ತಿಂಗಳು ನೀರು ಕುಡಿಯಲು ಅಂಜುತ್ತಾರೆ,
ಯಾರದೋ ಬಾಟಲಿ ಎಂದು.
ಬೆಂಚಿನ ತುದಿಗೆ ಅರ್ಧ ಕುಂಡೆ ಊರಿ ಕೂರುತ್ತಾರೆ.
ಸೀಟಿ ಊದಿದ ಮೇಲೂ ಓಡುತ್ತಾರೆ.
ಹೊಸ ಚೆಂಡೂ ಅಷ್ಟೇ, ಹೊಳೆಯುತ್ತದೆ, ಜಾರುತ್ತದೆ,
ನೂರು ಅಂಗೈಯ ಬೆವರು ಕುಡಿಯುವ ತನಕ
ಯಾರ ಮಾತೂ ಕೇಳುವುದಿಲ್ಲ.
“ಡಿಸೆಂಬರ್ ಒಳಗೆ ಕುಡಿದು ಮುಗಿಸುತ್ತದಾ?” ಎಂದರು ಸರ್.

ಕಾರ್ಕಳದ ಬಸ್ಸು ಇಳಿದಾಗ ನನಗೆ ಹದಿನಾರು.
ಇದೇ ಕಾಲೇಜಿನ ಕ್ಯಾಂಟೀನಿನಲ್ಲಿ
ಮೊದಲ ದಿನವೇ ಹನ್ನೊಂದು ಗ್ಲಾಸು ಒಡೆದೆ.
ಹನ್ನೊಂದನ್ನೂ ಸಂಬಳದಲ್ಲಿ ಮುರಿದುಕೊಂಡರು ಸಂಜೀವಣ್ಣ.
ಆದರೆ ನನ್ನಿಂದ ಏನು ಬರಬೇಕೆಂದು
ಯಾವ ಬೋರ್ಡಿನಲ್ಲೂ ಬರೆದಿರಲಿಲ್ಲ.
ಅದನ್ನು ಆಗ ಬಡತನ ಎಂದುಕೊಂಡಿದ್ದೆ.

ಮೊದಲ ಪಂದ್ಯ ಮಾಟುಂಗಾದಲ್ಲಿ.
ಹರ್ನೂರನದು ನಾಲ್ಕು ಪಾಯಿಂಟು, ಐದು ಫೌಲು,
ಮೂರನೇ ಕ್ವಾರ್ಟರಿಗೇ ಟವೆಲಿನೊಳಗೆ ತಲೆ.
ಶೆಲ್ಡನ್ ಹದಿನೇಳು.
ಐಜಾಲಿನ ಹುಡುಗ ಎರಡು ನಿಮಿಷ ಆಡಿ
ಚೆಂಡನ್ನು ಒಂದೇ ಸಲ ಮುಟ್ಟಿದ, ಅದೂ ಹೊರಗೆ ಹೋದದ್ದನ್ನು ತರಲು.
ವಾಪಸು ಬರುವಾಗ ದಾದರ್‌ನಲ್ಲಿ ಮೊಣಕಾಲುದ್ದ ನೀರು.
ಹದಿನಾಲ್ಕು ನಂಬರಿನ ಬೂಟು
ಇಡೀ ಮುಂಬೈಗೆ ಒಂದೇ ಜೊತೆ ಇದ್ದೀತು,
ಅದು ನನ್ನ ಕೈಯಲ್ಲಿ ಎರಡು ದೋಣಿಯಂತೆ ತೊಟ್ಟಿಕ್ಕುತ್ತಿತ್ತು.
ಬೆಳಿಗ್ಗೆ ಎಂಟಕ್ಕೆ ಮತ್ತೆ ಆಟ.

ಕನ್ನಡ ಪೇಪರು ಮುದ್ದೆ ಮಾಡಿ ತುರುಕಿದೆ.
ಒಂದು ವಾರದ ಸುದ್ದಿ, ಸಂಪಾದಕೀಯ,
ವಧು ಬೇಕಾಗಿದೆ, ಎಲ್ಲ ಹಿಡಿಸಿತು.
ರಾತ್ರಿ ಎರಡು ಸಲ ಎದ್ದು ಬದಲಿಸಿದೆ.

ಮಾರನೆಯ ದಿನ, ಪಂದ್ಯ ಮುಗಿದು
(ಎಷ್ಟು ಹೊಡೆದನೆಂದು ಸರ್‌ನ ಕೇಳಿ, ಬರೆದಿಟ್ಟಿದ್ದಾರೆ)
ಹುಡುಗ ಕಾಲ್ಚೀಲ ಕಳಚಿ ಮುಖದ ಮುಂದೆ ಹಿಡಿದ:
“ಅಂಕಲ್, ಯೇ ಕ್ಯಾ ಲಿಖಾ ಹೈ?”
ಅವಸರದಲ್ಲಿ ಒಂದು ಹಾಳೆ ಬೂಟಿನ ತಳದಲ್ಲೇ ಉಳಿದಿತ್ತು.
ಬಿಳಿ ಚೀಲದ ಅಡಿಗೆ ನಮ್ಮ ಅಕ್ಷರ,
ಕನ್ನಡಿಯಲ್ಲಿ ಕಂಡಂತೆ ತಿರುಗಿ,
ಮುಂಭಾಗ ಬೆವರಿಗೆ ಕಲಸಿಹೋಗಿ
ಹಿಮ್ಮಡಿಯ ಹತ್ತಿರ ಉಳಿದದ್ದು ಇಷ್ಟೇ:
ಕ್ಷಿಸಲಾಗಿದೆ.

ನಿರೀಕ್ಷಿಸಲಾಗಿದೆ, ಹವಾಮಾನದ್ದಿರಬಹುದು.
ಪರೀಕ್ಷಿಸಲಾಗಿದೆ.
ಶಿಕ್ಷಿಸಲಾಗಿದೆ.
ರಕ್ಷಿಸಲಾಗಿದೆ ಎಂದೂ ಓದಬಹುದಿತ್ತು,
ಕಣ್ಣು ಕಿರಿದು ಮಾಡಿದರೆ.

“ಮಳೆ ಬರುತ್ತದಂತೆ” ಎಂದೆ.
ಅವನು ಕಿಟಕಿಯಾಚೆ ನೋಡಿದ.
ಆಗಲೇ ಸುರಿಯುತ್ತಿತ್ತು.
ನಾನು ಇನ್ನೊಂದು ಪೇಪರು ಹರಿದೆ.